ಟೆಕ್ಸಾಸ್‌ನ 15 ಗಂಟೆ ಫ್ಲಾರಿಡಾಕ್ಕೂ ನ್ಯೂಯಾರ್ಕ್‌ಗೂ ಸಾಕೇ?

ಪ್ರಶ್ನೆ: ಹ್ಯೂಸ್ಟನ್‌ನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೇನೆ. ಪಿ.ಇ. (ಪ್ರೊಫೆಷನಲ್ ಎಂಜಿನಿಯರ್) ಲೈಸೆನ್ಸ್ ಮೊದಲು ಸಿಕ್ಕಿದ್ದು ಟೆಕ್ಸಾಸ್‌ನಲ್ಲಿ. ಅದರ ಆಧಾರದ ಮೇಲೆ ಆಮೇಲೆ ಫ್ಲಾರಿಡಾ, ನ್ಯೂಯಾರ್ಕ್ ಲೈಸೆನ್ಸನ್ನೂ ತೆಗೆದುಕೊಂಡೆ. ಲೈಸೆನ್ಸ್ ರಿನ್ಯೂವಲ್‌ಗೆ ಬೇಕಾದ ಕಲಿಕೆಯ ಗಂಟೆಗಳನ್ನು (ಪಿಡಿಎಚ್) ವರ್ಷಕ್ಕೆ 15ರಂತೆ ತಪ್ಪದೆ ಮುಗಿಸುತ್ತೇನೆ. ವಾಸ ಇರುವ ರಾಜ್ಯದ ಲೆಕ್ಕ ಸರಿಯಿದ್ದರೆ ಉಳಿದ ಕಡೆ ಕೇಳುವುದಿಲ್ಲ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಹೌದೇ?

ಉತ್ತರ: ಅಲ್ಲ. ಕೇಳುತ್ತಾರೆ.

ರಿನ್ಯೂವಲ್ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಊರಿನ ಹೆಸರು ಬದಲಾಗುತ್ತದೆ, 'ಎಲ್ಲರೂ ಹೇಳುತ್ತಾರೆ' ಎಂಬ ಮಾತು ಮಾತ್ರ ಹಾಗೆಯೇ ಇರುತ್ತದೆ. ಹಾಗಾಗಿ ಈ ಸಲ ಒಮ್ಮೆ ಬೇರುಸಮೇತ ನೋಡಿಬಿಡೋಣ.

ಈ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದು ಅರ್ಥವಾಗದ್ದೇನಲ್ಲ. ಲೈಸೆನ್ಸ್‌ಗೆ ಬೇಕಾದ ಎಫ್‌.ಇ. (ಮೊದಲ ಹಂತದ್ದು), ಪಿ.ಇ. ಪರೀಕ್ಷೆಗಳನ್ನು ದೇಶಕ್ಕೆಲ್ಲ ಎನ್‌ಸಿಇಇಎಸ್ ಎಂಬ ರಾಜ್ಯ ಬೋರ್ಡ್‌ಗಳ ಒಕ್ಕೂಟ ಒಂದೇ ನಡೆಸುತ್ತದೆ. ಎರಡನೇ ರಾಜ್ಯದ ಲೈಸೆನ್ಸ್‌ಗೆ ಆ ಪರೀಕ್ಷೆಗಳನ್ನು ಮತ್ತೆ ಬರೆಯಬೇಕಿಲ್ಲ, ಹೆಚ್ಚಿನ ಕಡೆ ದಾಖಲೆ ಕಳಿಸಿದರಾಯಿತು. ಸಾಲದ್ದಕ್ಕೆ ವರ್ಷಕ್ಕೆ 15 ಗಂಟೆ, ಅದರಲ್ಲಿ 1 ಗಂಟೆ ಎಥಿಕ್ಸ್ (ವೃತ್ತಿನೀತಿ) ಎಂಬ ಮಾದರಿಯನ್ನೂ ಎನ್‌ಸಿಇಇಎಸ್ ಮುಂದಿಟ್ಟಿದೆ. ಇಷ್ಟನ್ನು ನೋಡಿದವರಿಗೆ ಲೈಸೆನ್ಸ್ ಇಡೀ ದೇಶದ್ದು ಅನ್ನಿಸುವುದು ಸಹಜ. ಆದರೆ ಎನ್‌ಸಿಇಇಎಸ್ ಯಾರಿಗೂ ಲೈಸೆನ್ಸ್ ಕೊಡುವುದಿಲ್ಲ. ಕೊಡುವುದು, ಕಿತ್ತುಕೊಳ್ಳುವುದು ಎರಡೂ ರಾಜ್ಯದ ಬೋರ್ಡ್‌ನ ಕೈಯಲ್ಲಿದೆ. 1907ರಲ್ಲಿ ವಯೋಮಿಂಗ್ ಮೊದಲ ಲೈಸೆನ್ಸ್ ಕಾಯ್ದೆ ತಂದಾಗಿನಿಂದಲೂ ಇದು ರಾಜ್ಯದ ವಿಷಯ. ನಿಮ್ಮ ಹತ್ತಿರ ಮೂರು ರಾಜ್ಯಗಳ ಸೀಲ್ (ಡ್ರಾಯಿಂಗ್ ಮೇಲೆ ಒತ್ತುವ ಲೈಸೆನ್ಸ್ ಮುದ್ರೆ) ಇದ್ದರೆ ಮೂರು ಕಾಯ್ದೆಗಳು ನಿಮ್ಮ ಮೇಲಿವೆ.

ಕ್ಯಾಲಿಫೋರ್ನಿಯಾವನ್ನೇ ನೋಡಿ. ಅಲ್ಲಿ ಪಿ.ಇ. ರಿನ್ಯೂವಲ್‌ಗೆ ಪಿಡಿಎಚ್ ಬೇಕಿಲ್ಲ, ಒಂದು ಗಂಟೆಯೂ. 'ವಾಸ ಇರುವ ರಾಜ್ಯದ ನಿಯಮ ಸಾಕು' ಎಂಬುದು ನಿಜವಾಗಿದ್ದರೆ ಸ್ಯಾನ್‌ಹೋಸೆಯಲ್ಲಿ ಕುಳಿತು ಟೆಕ್ಸಾಸ್ ಸೀಲ್ ಹಾಕುವವರು ಜೀವನಪೂರ್ತಿ ಒಂದು ಕೋರ್ಸೂ ಮಾಡಬೇಕಿರಲಿಲ್ಲ. ಟೆಕ್ಸಾಸ್ ಬೋರ್ಡ್ ಅವರಿಂದಲೂ ವರ್ಷಕ್ಕೆ 15 ಕೇಳುತ್ತದೆ.

ಈಗ ನಿಮ್ಮ ಮೂರು ರಾಜ್ಯಗಳಿಗೆ ಬನ್ನಿ. ಗಂಟೆಯ ಸಂಖ್ಯೆಯೊಂದನ್ನೇ ನೋಡಿದರೆ ನಿಮಗೆ ಯಾವ ಕೊರತೆಯೂ ಕಾಣದು. ಟೆಕ್ಸಾಸ್‌ಗೆ ವರ್ಷಕ್ಕೆ 15, ಅಂದರೆ ಎರಡು ವರ್ಷಕ್ಕೆ 30, ಮೂರು ವರ್ಷಕ್ಕೆ 45. ಫ್ಲಾರಿಡಾ ಎರಡು ವರ್ಷಕ್ಕೆ ಕೇಳುವುದು 18. ನ್ಯೂಯಾರ್ಕ್ ಮೂರು ವರ್ಷಕ್ಕೆ 36. ನಿಮ್ಮ ಸಹೋದ್ಯೋಗಿಗಳು ಇಷ್ಟು ಕೂಡಿಸಿ ಕಳೆದು ನಿಲ್ಲಿಸಿದ್ದಾರೆ. ಎಡವುವುದು ಇಲ್ಲಿಂದ ಮುಂದೆ.

ಫ್ಲಾರಿಡಾದ 18ಕ್ಕೆ ಒಳವಿಭಾಗಗಳಿವೆ. 4 ಗಂಟೆ ನೀವು ಕೆಲಸ ಮಾಡುವ ಕ್ಷೇತ್ರದ್ದೇ ಆಗಬೇಕು. 1 ಗಂಟೆ ಫ್ಲಾರಿಡಾದ ಎಂಜಿನಿಯರಿಂಗ್ ಕಾಯ್ದೆ ಮತ್ತು ನಿಯಮಗಳದ್ದು, 1 ಗಂಟೆ ಎಥಿಕ್ಸ್. ಉಳಿದ 12 ಎಂಜಿನಿಯರಿಂಗ್‌ಗೆ ಸಂಬಂಧಪಟ್ಟ ಯಾವುದಾದರೂ ನಡೆಯುತ್ತದೆ. ಕಾಯ್ದೆಯ ಗಂಟೆಯನ್ನೂ ಎಥಿಕ್ಸ್ ಗಂಟೆಯನ್ನೂ ಫ್ಲಾರಿಡಾ ಬೋರ್ಡ್ ಒಪ್ಪಿದ ಸಂಸ್ಥೆಯಿಂದಲೇ ಪಡೆಯಬೇಕು. ಟೆಕ್ಸಾಸ್ ಇಲ್ಲಿ ಬಹಳ ಸಡಿಲ. ಯಾವ ಕೋರ್ಸಿಗೂ ಮುಂಚಿತವಾಗಿ ಒಪ್ಪಿಗೆ ಮುದ್ರೆ ಒತ್ತುವುದಿಲ್ಲ, ವಿಷಯ ನಿಮ್ಮ ವೃತ್ತಿಗೆ ಹೊಂದುತ್ತದೆಯೇ ಎಂದು ತೀರ್ಮಾನಿಸುವ ಹೊಣೆಯನ್ನು ನಿಮಗೇ ಬಿಡುತ್ತದೆ. ಎಥಿಕ್ಸ್ ಗಂಟೆಗೆ ಟೆಕ್ಸಾಸ್ ಕಾಯ್ದೆ, ನಿಯಮಗಳನ್ನು ಓದಿದರೂ ಒಪ್ಪುತ್ತದೆ. ಆ ಗಂಟೆಗೆ ಫ್ಲಾರಿಡಾದಲ್ಲಿ ಬೆಲೆಯಿಲ್ಲ. ಹಾಗಾಗಿ 30 ಗಂಟೆ ಮುಗಿಸಿದವರೂ ಫ್ಲಾರಿಡಾದ ಆಡಿಟ್‌ನಲ್ಲಿ ಎರಡು ಗಂಟೆಗಾಗಿ ಸಿಕ್ಕಿಬೀಳಬಹುದು.

ನ್ಯೂಯಾರ್ಕ್‌ನ ತಕರಾರು ಬೇರೆ. 36ರಲ್ಲಿ ಕನಿಷ್ಠ 18 ಗಂಟೆ ಕೋರ್ಸ್ ರೂಪದಲ್ಲೇ ಇರಬೇಕು, ಪ್ರಬಂಧ ಮಂಡನೆಯಂಥ ಚಟುವಟಿಕೆಗಳು ಉಳಿದರ್ಧಕ್ಕೆ ಮಾತ್ರ. ಕೋರ್ಸ್ ನಡೆಸುವ ಸಂಸ್ಥೆಗೆ ಆ ರಾಜ್ಯದ ಮಾನ್ಯತೆ ಇರಬೇಕು. ಕಾಂಕ್ರೀಟ್ ಆ್ಯಂಕರ್ ಮಾರುವ ಕಂಪನಿಯವರು ಮಧ್ಯಾಹ್ನದ ಊಟದ ಜೊತೆ ಕೊಟ್ಟ ಒಂದು ಗಂಟೆಯ ಪಾಠದಲ್ಲಿ ತಾಂತ್ರಿಕ ಹುರುಳಿದ್ದರೆ ಟೆಕ್ಸಾಸ್ ಲಾಗ್‌ನಲ್ಲಿ (ನೀವು ಬರೆದಿಡುವ ಗಂಟೆಗಳ ಪಟ್ಟಿಯಲ್ಲಿ) ನಿಲ್ಲುತ್ತದೆ. ಆ ಕಂಪನಿಗೆ ಮಾನ್ಯತೆ ಇಲ್ಲದಿದ್ದರೆ ನ್ಯೂಯಾರ್ಕ್ ಲೆಕ್ಕದಲ್ಲಿ ಅದು ಸೊನ್ನೆ. ನಿಮ್ಮ 45ರಲ್ಲಿ ಇಂಥ ಊಟದ ಪಾಠಗಳೇ 20 ಇದ್ದರೆ ಉಳಿದದ್ದು 25. ಹನ್ನೊಂದು ಕಡಿಮೆ!

ಮಿಕ್ಕಿದ ಗಂಟೆಗಳ ವಿಷಯದಲ್ಲೂ ಮೂವರದ್ದು ಮೂರು ದಾರಿ. ಹೆಚ್ಚಾದದ್ದರಲ್ಲಿ 14 ಗಂಟೆಯವರೆಗೆ ಮುಂದಿನ ಅವಧಿಗೆ ಒಯ್ಯಲು ಟೆಕ್ಸಾಸ್ ಬಿಡುತ್ತದೆ, ಅದೂ ಒಂದೇ ಅವಧಿಗೆ. ನ್ಯೂಯಾರ್ಕ್ 6 ಗಂಟೆಗೆ ನಿಲ್ಲಿಸುತ್ತದೆ. ಫ್ಲಾರಿಡಾದಲ್ಲಿ ಒಯ್ಯುವ ಮಾತೇ ಇಲ್ಲ. ಒಂದೇ ವರ್ಷ 30 ಗಂಟೆ ಮಾಡಿ ಮರುವರ್ಷ 1 ಗಂಟೆ ಮಾತ್ರ ಮಾಡುವ ರೂಢಿ ಕೆಲವರಿಗಿದೆ. ಟೆಕ್ಸಾಸ್ ಅದನ್ನು ಒಪ್ಪುತ್ತದೆ, ಆ 1 ಗಂಟೆ ಎಥಿಕ್ಸ್‌ನದ್ದಾಗಿರಬೇಕು ಅಷ್ಟೇ. ಆ ಎರಡು ವರ್ಷಗಳ ನಡುವೆ ಫ್ಲಾರಿಡಾದ ಅವಧಿ ಮುಗಿದಿದ್ದರೆ ಅಲ್ಲಿ ಹೊಸ ಲೆಕ್ಕ ಆ 1 ಗಂಟೆಯಿಂದಲೇ ಶುರು. ಅವಧಿ ಮುಗಿಯುವ ದಿನಗಳೂ ಹೊಂದುವುದಿಲ್ಲ. ಫ್ಲಾರಿಡಾದ್ದು ಬೆಸ ವರ್ಷದ ಫೆಬ್ರವರಿ 28, ಉದಾಹರಣೆಗೆ 2027. ಟೆಕ್ಸಾಸ್‌ನದ್ದು ನಿಮ್ಮ ಲೈಸೆನ್ಸ್ ಮೇಲಿನ ದಿನಾಂಕ. ನ್ಯೂಯಾರ್ಕ್‌ನದ್ದು ನಿಮ್ಮ ಮೂರು ವರ್ಷದ ನೋಂದಣಿ ಮುಗಿಯುವ ದಿನ. ಎಲ್ಲಕ್ಕೂ ಡಿಸೆಂಬರ್ 31 ಎಂದುಕೊಂಡು ಎಕ್ಸೆಲ್ ಹಾಳೆ ಮಾಡಿಟ್ಟವರು ಇಂದೇ ಅದನ್ನು ತಿದ್ದಿ.

ಹಾಗೆಂದು ಮೂರು ರಾಜ್ಯಕ್ಕೆ ಮೂರು ಪಟ್ಟು ಓದಬೇಕಿಲ್ಲ. ಒಂದೇ ಕೋರ್ಸಿನ ಅದೇ ಗಂಟೆಯನ್ನು ಮೂರೂ ರಾಜ್ಯದಲ್ಲಿ ತೋರಿಸಬಹುದು, ಮೂರರ ನಿಯಮಕ್ಕೂ ಹೊಂದಿದರೆ ಸಾಕು. ಆ ಜನಪ್ರಿಯ ನಂಬಿಕೆಯಲ್ಲಿರುವ ನಿಜ ಇಷ್ಟೇ. ಆದ್ದರಿಂದ ಲೆಕ್ಕವನ್ನು ಅತಿ ಬಿಗಿಯಾದ ರಾಜ್ಯದಿಂದ ಶುರು ಮಾಡಿ. ವರ್ಷದ 15ರಲ್ಲಿ 12 ಗಂಟೆಯನ್ನು ನ್ಯೂಯಾರ್ಕ್ ಮಾನ್ಯ ಮಾಡಿದ ಸಂಸ್ಥೆಯ ಕೋರ್ಸ್‌ಗಳಿಂದಲೇ ತೆಗೆದುಕೊಳ್ಳಿ. ಮೂರು ವರ್ಷಕ್ಕೆ 36 ತಾನಾಗಿ ತುಂಬುತ್ತದೆ. ಅವುಗಳಲ್ಲಿ ಎರಡು ವರ್ಷಕ್ಕೆ ನಾಲ್ಕಾದರೂ ಸ್ಟ್ರಕ್ಚರಲ್ ವಿಷಯದ್ದಿರಲಿ. ಎಥಿಕ್ಸ್ ಗಂಟೆಯನ್ನು ಪ್ರತಿ ವರ್ಷ ಫ್ಲಾರಿಡಾ, ನ್ಯೂಯಾರ್ಕ್ ಎರಡೂ ಒಪ್ಪುವ ಸಂಸ್ಥೆಯಿಂದ ಪಡೆದರೆ ಟೆಕ್ಸಾಸ್‌ಗೂ ಅದೇ ಆಗುತ್ತದೆ. ಫ್ಲಾರಿಡಾ ಕಾಯ್ದೆಯ 1 ಗಂಟೆಯನ್ನು ಎರಡು ವರ್ಷಕ್ಕೊಮ್ಮೆ ಬೇರೆಯಾಗಿಯೇ ಮಾಡಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ಊಟದ ಪಾಠಗಳನ್ನು ಇದರ ಮೇಲೆ ಎಷ್ಟಾದರೂ ಕೇಳಿ.

ಲಾಗ್ ಬರೆಯುವಾಗ ಹೆಚ್ಚಾಗಿ ತಪ್ಪುವುದು ಸಿಇಯು (ಕೆಲವು ಸರ್ಟಿಫಿಕೇಟ್‌ಗಳು ಬಳಸುವ ಇನ್ನೊಂದು ಅಳತೆ) ಮತ್ತು ಪಿಡಿಎಚ್ ನಡುವೆ. 1 ಸಿಇಯು ಅಂದರೆ 10 ಪಿಡಿಎಚ್. ಸರ್ಟಿಫಿಕೇಟ್ ಮೇಲೆ 0.8 ಎಂದಿದ್ದರೆ ಅದು 8 ಗಂಟೆ. ಕಡಿಮೆ ಬರೆದುಕೊಂಡು ನಷ್ಟ ಮಾಡಿಕೊಳ್ಳುವವರೂ ಇದ್ದಾರೆ. ಪ್ರತಿ ಸಾಲಿನಲ್ಲಿ ಚಟುವಟಿಕೆ ಏನು, ನಡೆಸಿದ ಸಂಸ್ಥೆ, ಸ್ಥಳ, ದಿನಾಂಕ, ಅವಧಿ, ಪಾಠ ಮಾಡಿದವರ ಹೆಸರು, ಪಿಡಿಎಚ್ ಎಷ್ಟು ಎಂಬುದಿರಲಿ, ಜೊತೆಗೆ ಸರ್ಟಿಫಿಕೇಟ್. ತಾನೇ ಕುಳಿತು ಓದಿದ್ದನ್ನು ಟೆಕ್ಸಾಸ್ ವರ್ಷಕ್ಕೆ 5 ಗಂಟೆಯವರೆಗೆ ಮಾತ್ರ ಒಪ್ಪುತ್ತದೆ. ದಾಖಲೆಯನ್ನು ಟೆಕ್ಸಾಸ್ 3 ವರ್ಷ, ನ್ಯೂಯಾರ್ಕ್ 6 ವರ್ಷ ಇಟ್ಟುಕೊಳ್ಳಿ ಎನ್ನುತ್ತದೆ. ಆರೇ ಇಟ್ಟುಕೊಳ್ಳಿ. ಸರ್ಟಿಫಿಕೇಟ್ ಬರುವ ಇಮೇಲ್ ನಿಮ್ಮ ಸ್ವಂತದ್ದಾಗಿರಲಿ, ಕಂಪನಿ ಬಿಟ್ಟ ಸಂಜೆಯೇ ಆಫೀಸ್ ಮೇಲ್ ಮುಚ್ಚಿಹೋಗುತ್ತದೆ.

ರಿನ್ಯೂವಲ್ ಅರ್ಜಿಯಲ್ಲಿ 'ಗಂಟೆ ಪೂರೈಸಿದ್ದೇನೆ' ಎಂಬ ಚೌಕಕ್ಕೆ ಗುರುತು ಹಾಕುವುದು ಬೋರ್ಡ್‌ಗೆ ಕೊಡುವ ಹೇಳಿಕೆ. ಆಗ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ, ಆದ್ದರಿಂದಲೇ ಆ ನಂಬಿಕೆ ಇಷ್ಟು ವರ್ಷ ಉಳಿದಿದೆ. ಆಡಿಟ್‌ಗೆ ಹೆಸರು ಬಂದಾಗ ಗಂಟೆ ಕಡಿಮೆ ಎಂಬುದು ಒಂದು ತಪ್ಪು, ಇಲ್ಲದ್ದನ್ನು ಇದೆ ಎಂದು ಬರೆದದ್ದು ಇನ್ನೊಂದು. ಎರಡನೆಯದೇ ದೊಡ್ಡದು. ಒಂದು ರಾಜ್ಯದಲ್ಲಿ ಶಿಸ್ತುಕ್ರಮವಾದರೆ ಉಳಿದ ರಾಜ್ಯಗಳ ಅರ್ಜಿಯಲ್ಲಿ ಅದನ್ನು ಬರೆಯಬೇಕಾಗುತ್ತದೆ. ಲೈಸೆನ್ಸ್ ಬೇರೆ ಬೇರೆಯಾದರೂ ಕಳಂಕ ಎಲ್ಲ ಕಡೆಗೂ ಹರಡುತ್ತದೆ.

ನಿಮ್ಮ ಮನೆಯಲ್ಲಿ ಆರ್ಕಿಟೆಕ್ಟ್ ಇದ್ದರೆ ಅವರಿಗೂ ಒಂದು ಮಾತು. ಅಮೆರಿಕದ ಆರ್ಕಿಟೆಕ್ಟರ ಸಂಘವಾದ ಎಐಎ ಕೇಳುವ ವರ್ಷದ 18 ಗಂಟೆ ಸದಸ್ಯತ್ವದ ಷರತ್ತು, ಲೈಸೆನ್ಸ್‌ನದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪಿ.ಇ.ಗೆ ಗಂಟೆಯಿಲ್ಲ ಎಂದು ಕೇಳಿ ಆರ್ಕಿಟೆಕ್ಟರು ನಿಶ್ಚಿಂತರಾಗಬಾರದು. ಅವರಿಗೆ ಎರಡು ವರ್ಷಕ್ಕೆ 10 ಗಂಟೆ ಇದೆ, ಅಂಗವಿಕಲರ ಪ್ರವೇಶ ಸೌಲಭ್ಯದ ಬಗ್ಗೆ 5, ಶೂನ್ಯ ಇಂಗಾಲ ವಿನ್ಯಾಸದ ಬಗ್ಗೆ 5.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಇದಕ್ಕೆ ಅಂಟಿಕೊಂಡೇ ಬರುತ್ತದೆ: ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಎರಡು ಮೂರು ವರ್ಷ ಊರಿಗೆ ಹೊರಟರೆ ಲೈಸೆನ್ಸ್ ಏನು ಮಾಡಬೇಕು? ಸುಮ್ಮನೆ ಅವಧಿ ಮುಗಿಯಲು ಬಿಡಬೇಡಿ. ಟೆಕ್ಸಾಸ್‌ನಲ್ಲೂ ಫ್ಲಾರಿಡಾದಲ್ಲೂ ಇನಾಕ್ಟಿವ್ (ಸದ್ಯ ಬಳಕೆಯಲ್ಲಿಲ್ಲ) ಎಂದು ಬರೆಸಲು ಅವಕಾಶವಿದೆ. ಹಾಗಿರುವಷ್ಟು ಕಾಲ ಗಂಟೆಗಳ ಒತ್ತಡವಿಲ್ಲ, ಮತ್ತೆ ಆಕ್ಟಿವ್ ಮಾಡಿಸುವಾಗ ಬೋರ್ಡ್ ಗಂಟೆ ಕೇಳುತ್ತದೆ. ಆದರೆ ಬೆಂಗಳೂರಿನ ಆಫೀಸಿನಲ್ಲಿ ಕುಳಿತು ಹ್ಯೂಸ್ಟನ್ ಕಟ್ಟಡದ ಡ್ರಾಯಿಂಗ್‌ಗಳ ಹೊಣೆ ಹೊತ್ತು ಸೀಲ್ ಹಾಕುತ್ತೀರಾದರೆ ಇನಾಕ್ಟಿವ್ ಆಗುವಂತಿಲ್ಲ, ಎಲ್ಲಿದ್ದರೂ ಪೂರ್ತಿ 15 ಬೇಕು. ಟೆಕ್ಸಾಸ್‌ನ ಮಧ್ಯಾಹ್ನ 12ರ ವೆಬಿನಾರ್ ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ರಾತ್ರಿ 10.30ಕ್ಕೆ, ನವೆಂಬರ್‌ನಲ್ಲಿ ಅಲ್ಲಿಯ ಗಡಿಯಾರ ಹಿಂದೆ ಸರಿದ ಮೇಲೆ 11.30ಕ್ಕೆ ಶುರುವಾಗುತ್ತದೆ. ಆದಷ್ಟನ್ನು ಅಕ್ಟೋಬರ್ ಒಳಗೇ ಮುಗಿಸಿಕೊಳ್ಳಿ.