ಅರ್ಧ ಮುಖದ ಸಾಕ್ಷಿ

2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಭಾವಚಿತ್ರ ಅಚ್ಚಾಯಿತು. ಚಿತ್ರದಲ್ಲಿದ್ದವರಿಗೆ 69 ವರ್ಷ. ಸರಕು ಸಾಗಿಸುವ ಲಾರಿಯನ್ನು 28 ವರ್ಷ ಓಡಿಸಿದವರು. ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿತ್ತು. ಎಡಭಾಗ ನೋಡಿದರೆ ಅವರ ಅಣ್ಣನದೇನೋ ಎನ್ನಬೇಕು: ದಪ್ಪಗಟ್ಟಿದ ಚರ್ಮ, ಉಳುಮೆಯ ಸಾಲುಗಳಂಥ ಗೆರೆಗಳು. ಚಾಲಕನ ಕಿಟಕಿಯಿಂದ ಬಿಸಿಲು ಬೀಳುತ್ತಿದ್ದ ಬದಿ ಅದು. ಕಿಟಕಿಯ ಗಾಜು ಏರಿಸಿದ್ದರೂ ನೇರಳಾತೀತ ‘ಎ’ ಕಿರಣಗಳು ಅದನ್ನು ತೂರಿ ಬಂದು, ಒಳಚರ್ಮದವರೆಗೂ ಇಳಿಯುತ್ತವೆ. ಅಲ್ಲಿ ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನಾದ ಕೊಲಾಜೆನ್‌ನ ಎಳೆಗಳನ್ನು ಕತ್ತರಿಸುವ ಕಿಣ್ವಗಳನ್ನು ಕೆರಳಿಸುತ್ತವೆ. ಒಂದೇ ದೇಹ, ಒಂದೇ ಊಟ, ಅಷ್ಟೇ ವರ್ಷಗಳು. ಬೆಳಕು ಮಾತ್ರ ಬೇರೆ.

ಇನ್ನೊಂದು ಅರ್ಧ ಮುಖದ ಕತೆ ಇದಕ್ಕಿಂತ ಐದು ವರ್ಷ ಹಳೆಯದು. ಬೆಳಕಿನಿಂದ ಸುಕ್ಕು ತಗ್ಗೀತೇ ಎಂದು ನೋಡಲು ದಕ್ಷಿಣ ಕೊರಿಯಾದ ವೈದ್ಯರು 76 ಜನರ ಮುಖದ ಒಂದು ಬದಿಗೆ ಮಾತ್ರ ಎಲ್‌ಇಡಿ ಬೆಳಕು ಹಾಯಿಸಿದರು. ಕೆಲವರಿಗೆ 633 ನ್ಯಾನೋಮೀಟರಿನ ಕೆಂಪು, ಕೆಲವರಿಗೆ ಕಣ್ಣಿಗೆ ಕಾಣದ 830 ನ್ಯಾನೋಮೀಟರಿನ ಅವಗೆಂಪು, ಕೆಲವರಿಗೆ ಎರಡೂ, ಉಳಿದವರಿಗೆ ಚಿಕಿತ್ಸೆಯ ಬರಿಯ ಸೋಗು. ವಾರಕ್ಕೆರಡು ಬಾರಿಯಂತೆ ನಾಲ್ಕು ವಾರ. ಬೆಳಕು ಬಿದ್ದ ಬದಿಯಲ್ಲಿ ಸುಕ್ಕುಗಳು ಗರಿಷ್ಠ ಶೇ. 36ರಷ್ಟು ತಗ್ಗಿದವು, ಚರ್ಮದ ಬಿಗಿ ಗರಿಷ್ಠ ಶೇ. 19ರಷ್ಟು ಹೆಚ್ಚಿತು. ‘ಗರಿಷ್ಠ’ ಎಂಬ ಮಾತನ್ನು ಜಾಹೀರಾತುಗಳು ನುಂಗಿಬಿಡುತ್ತವೆ; ಎಲ್ಲರಿಗೂ ಅಷ್ಟು ಸಿಗಲಿಲ್ಲ.

ಈ ವಿದ್ಯೆ ಹುಟ್ಟಿದ್ದು ಒಂದು ಸೋಲಿನಿಂದ. 1967ರ ಸುಮಾರಿಗೆ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್, ಲೇಸರ್ ಕಿರಣ ಗಡ್ಡೆಯನ್ನು ಕರಗಿಸುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ಅವರ ರೂಬಿ ಲೇಸರ್ ತೀರಾ ದುರ್ಬಲವಾಗಿತ್ತು, ಗಡ್ಡೆ ಕರಗಲಿಲ್ಲ. ಆದರೆ ಇಲಿಗಳ ಬೆನ್ನಿನಲ್ಲಿ ಬೋಳಿಸಿದ್ದ ಕೂದಲು ಬೆಳಕು ಬಿದ್ದಲ್ಲಿ ಬೇಗ ಬೆಳೆಯಿತು. ಮುಂದೆ ಗಾಯಗಳೂ ಬೇಗ ಮಾಯುವುದನ್ನು ಅವರು ಕಂಡರು. 1990ರ ದಶಕದಲ್ಲಿ, ಬಾಹ್ಯಾಕಾಶದಲ್ಲಿ ಗಿಡ ಬೆಳೆಸಲೆಂದು ನಾಸಾ ಪೋಷಿಸಿದ್ದ ಎಲ್‌ಇಡಿಗಳು ಗಾಯದ ಸಂಶೋಧನೆಗೆ ಬಂದವು. ಇಂದು ಮನೆಯಲ್ಲೇ ಮುಖಕ್ಕೆ ಹಾಕಿಕೊಳ್ಳುವ ಎಲ್‌ಇಡಿ ಮುಖವಾಡ ಮಾರುವವರೆಲ್ಲ ನಾಸಾ ಹೆಸರು ಜಪಿಸಲು ಇಷ್ಟೇ ಆಧಾರ.

ಕೆಂಪೇ ಏಕೆ? ಕತ್ತಲಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದರೆ ಬೆರಳ ಸಂದುಗಳು ಕೆಂಡದಂತೆ ಹೊಳೆಯುತ್ತವೆ. ಬಿಳಿ ಬೆಳಕಿನ ನೀಲಿ, ಹಸಿರುಗಳನ್ನು ರಕ್ತದ ಹಿಮೋಗ್ಲೋಬಿನ್ ಮತ್ತು ಚರ್ಮದ ಮೆಲನಿನ್ ಹೀರಿಕೊಳ್ಳುತ್ತವೆ, ಕೆಂಪು ಹೆಚ್ಚಾಗಿ ನುಸುಳಿ ಬರುತ್ತದೆ. ಹಾಗೆ ಒಳಗಿಳಿದ ಕೆಂಪನ್ನು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಹೀರುತ್ತದೆ ಎಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ಈ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸಕ್ಕೆ ಅಡ್ಡಿಮಾಡುವ ನೈಟ್ರಿಕ್ ಆಕ್ಸೈಡ್ ಬೆಳಕು ತಗುಲಿದಾಗ ಕಳಚುತ್ತದೆಯಂತೆ. ಕೋಶದ ಉಸಿರಾಟ ಸರಾಗವಾಗಿ ಅದರ ಇಂಧನವಾದ ಎಟಿಪಿ ಹೆಚ್ಚುತ್ತದೆ. ಒಳಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳು ಆಗ ಹೊಸ ಕೊಲಾಜೆನ್ ನೇಯುತ್ತವೆ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ಈ ಕಿಣ್ವ ಪೂರ್ತಿ ಕತೆಯಾಗಿರಲಾರದು ಎನ್ನುವವರಿದ್ದಾರೆ, ಅವರ ಅನುಮಾನ ನನಗೂ ಸಕಾರಣವೆನಿಸುತ್ತದೆ.

ಸುಡುವ ಲೇಸರ್ ಚಿಕಿತ್ಸೆಯ ದಾರಿ ಬೇರೆ. ಅದು ಚರ್ಮಕ್ಕೆ ಬೇಕೆಂದೇ ಗಾಯ ಮಾಡಿ, ಮಾಯುವಾಗ ಹೊಸ ಕೊಲಾಜೆನ್ ಬರಲಿ ಎಂದು ಕಾಯುತ್ತದೆ. ಫಲ ಹೆಚ್ಚು, ನೋವೂ ಹೆಚ್ಚು.

ಎಲ್‌ಇಡಿ ವಿಷಯದಲ್ಲಿ ಜನ ಎಡವುವುದು ಪ್ರಮಾಣದಲ್ಲಿ. ಒಂದು ಚದರ ಸೆಂಟಿಮೀಟರಿಗೆ ಎಷ್ಟು ಜೂಲ್ ಶಕ್ತಿ ಬಿತ್ತು ಎಂಬುದೇ ಇಲ್ಲಿ ಔಷಧದ ಅಳತೆ. ಕಡಿಮೆಯಾದರೆ ಏನೂ ಆಗದು, ಮಿತಿಮೀರಿದರೆ ಬಂದ ಪ್ರಯೋಜನವೂ ಹಿಂದಕ್ಕೆ ಸರಿಯುತ್ತದೆ. ಹತ್ತು ನಿಮಿಷ ಒಳ್ಳೆಯದಾದರೆ ನಲವತ್ತು ನಿಮಿಷ ನಾಲ್ಕು ಪಟ್ಟು ಒಳ್ಳೆಯದು ಎಂಬ ಲೆಕ್ಕ ಜೀವಕೋಶಕ್ಕೆ ಅರ್ಥವಾಗದು. ಪೆಟ್ಟಿಗೆಯ ಮೇಲೆ ದೀಪಗಳ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿ, ತರಂಗಾಂತರವನ್ನಾಗಲಿ ಶಕ್ತಿಯನ್ನಾಗಲಿ ಹೇಳದ ಸಾಧನವನ್ನು ನಾನಂತೂ ಅಲಂಕಾರದ ದೀಪವೆಂದೇ ಎಣಿಸುತ್ತೇನೆ. ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಸಂಸ್ಥೆ ಎಫ್‌ಡಿಎಯ ‘ಅನುಮತಿ’ಯನ್ನೂ ಅತಿಯಾಗಿ ಓದಿಕೊಳ್ಳಬಾರದು, ಬಹುಮಟ್ಟಿಗೆ ಅದು, ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಇನ್ನೊಂದು ಸಾಧನಕ್ಕೆ ಇದು ಸರಿಸಾಟಿ ಎಂಬ ಒಪ್ಪಿಗೆ.

ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ. ಡಾಕ್ಸಿಸೈಕ್ಲಿನ್‌ನಂತಹ ಬೆಳಕಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ಔಷಧ ತೆಗೆದುಕೊಳ್ಳುವವರು, ಬೆಳಕಿಗೆ ಕೆರಳಬಲ್ಲ ಲೂಪಸ್ ಎಂಬ ರೋಗ ಇರುವವರು ಮೊದಲು ಚರ್ಮವೈದ್ಯರನ್ನು ಕೇಳಬೇಕು. ಮೊಡವೆಗೆ ಬಳಸುವ ನೀಲಿ ಬೆಳಕು ಕಂದು ಚರ್ಮದಲ್ಲಿ ಕಪ್ಪು ಕಲೆಯನ್ನು ಗಾಢಗೊಳಿಸಬಹುದು. ಕಣ್ಣಿಗೆ ಹಾನಿಯಾದೀತೆಂಬ ಆತಂಕದಿಂದ 2019ರಲ್ಲಿ ಅಂಥ ಮುಖವಾಡವೊಂದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದದ್ದೂ ಉಂಟು.

ಇನ್ನು ‘ಮೊದಲು’, ‘ನಂತರ’ ಎಂಬ ಜೋಡಿ ಚಿತ್ರಗಳು. ಪಕ್ಕದಿಂದ ಬೆಳಕು ಬಿದ್ದರೆ ಪ್ರತಿ ಸುಕ್ಕಿಗೂ ನೆರಳು ಮೂಡುತ್ತದೆ, ಎದುರಿನಿಂದ ಬಿದ್ದರೆ ಆ ನೆರಳೇ ಮಾಯ. ಸುಕ್ಕು ಅಳಿಸುವ ಅತಿ ವೇಗದ ಬೆಳಕಿನ ಚಿಕಿತ್ಸೆ ಇದೇ ಇರಬೇಕು. ಮುಖವಾಡ ಕೊಂಡವರು ಕೊರಿಯಾದ ವೈದ್ಯರ ಉಪಾಯವನ್ನು ಮನೆಯಲ್ಲೇ ಮಾಡಿ ನೋಡಬಹುದು. ಅದರ ಒಂದು ಬದಿಯ ದೀಪಗಳಿಗೆ ಕಪ್ಪು ಕಾಗದ ಅಂಟಿಸಿ, ಎರಡು ತಿಂಗಳು ಬಳಸಿ, ಆಮೇಲೆ ಎರಡೂ ಕೆನ್ನೆಗಳನ್ನು ಒಂದೇ ಕಿಟಕಿಯ ಬೆಳಕಿನಲ್ಲಿ ಬೇರೆಯವರಿಗೆ ತೋರಿಸಬೇಕು, ಯಾವ ಬದಿ ಎಂದು ಮಾತ್ರ ಹೇಳಬಾರದು.