ಕೆರೆಯಲ್ಲಿ ಸುಮ್ಮನಿದ್ದ ಯಂತ್ರ ಕಡಲಲ್ಲೇಕೆ ಕೂಗುತ್ತದೆ

ದೀಪಾವಳಿಯ ರಜೆ ಮುಗಿದ ವಾರ, ಮತ್ತೆ ಕ್ರಿಸ್‌ಮಸ್ ರಜೆ ಮುಗಿದ ವಾರ, ದಾವಣಗೆರೆಯ ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಒಂದಾದರೂ ಮೆಟಲ್ ಡಿಟೆಕ್ಟರ್ ಬಂದು ಕೂರುತ್ತದೆ. ತಂದವರು ಬೇರೆ ಬೇರೆಯವರು, ಯಂತ್ರದ ಹೆಸರೂ ಬೇರೆ ಬೇರೆ, ಆದರೆ ದೂರು ಮಾತ್ರ ಅಕ್ಷರಶಃ ಒಂದೇ. "ಸೂಳೆಕೆರೆ ನೀರಾಗ ಇಟ್ಟು ನೋಡಿದ್ವಿ ಸಾರ್, ಒಂದು ಸದ್ದಿಲ್ಲ. ಉಂಗುರ ಹಾಕಿದ್ರೆ ಮಾತ್ರ ಟಣ್ ಅಂತಿತ್ತು. ಗೋಕರ್ಣದಾಗ ನೀರಿಗಿಳಿಸಿದ ಕೂಡ್ಲೇ ಬಾಯಿ ಮುಚ್ತಾನೇ ಇಲ್ಲ. ವಾಟರ್‌ಪ್ರೂಫ್ ಅಂತ ಡಬ್ಬದ ಮೇಲೇ ಬರ್ದಿದೆಯಲ್ರೀ, ಇದು ಮೋಸ ಅಲ್ವಾ?"

ಮೋಸವಲ್ಲ. ಯಂತ್ರ ಕೆಟ್ಟೂ ಇಲ್ಲ. ನೀರು ಒಳಗೆ ಹೋಗದಂತೆ ತಡೆಯುವುದು ಪೆಟ್ಟಿಗೆಯ ಗುಣ. ಉಪ್ಪು ನೀರಿನ ನಡುವೆ ಲೋಹವನ್ನು ಗುರುತಿಸುವುದು ಒಳಗಿನ ಸರ್ಕ್ಯೂಟಿನ ಗುಣ. ಈ ಎರಡಕ್ಕೂ ಪರಸ್ಪರ ಸಂಬಂಧವೇ ಇಲ್ಲ. ಈ ಒಂದು ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಅಂಗಡಿಯ ಹುಡುಗರಿಗೆ ಅದು ಬಾಯಿಪಾಠವಾಗಿದೆ. ಆದರೂ ಐದಾರು ಗಂಟೆ ಕಾರಿನಲ್ಲಿ ಕೂತು ಘಟ್ಟ ಇಳಿದು, ಕಳೆದುಹೋದ ಉಂಗುರಕ್ಕಾಗಿ ಬಿಸಿಲಲ್ಲಿ ಒದ್ದಾಡಿ ಬರಿಗೈಯಲ್ಲಿ ಮರಳಿದವರ ಮುಖ ನೋಡಿದಾಗ ಇದನ್ನು ಸಾವಕಾಶವಾಗಿ ಬರೆದೇ ಹೇಳಬೇಕೆನ್ನಿಸಿತು.

ನನಗೆ ಈ ಉಪ್ಪಿನ ವಿಷಯ ಮೊದಲು ಅರ್ಥವಾದದ್ದು ಸಮುದ್ರದ ದಂಡೆಯಲ್ಲಿ ಅಲ್ಲ, ಒಂದು ಉಪ್ಪಿನಕಾಯಿ ಕಾರ್ಖಾನೆಯಲ್ಲಿ. ಆಹಾರ ಪೊಟ್ಟಣ ಕಟ್ಟುವ ಕಡೆ, ಮೊಳೆ ಅಥವಾ ತಂತಿಯ ಚೂರು ಒಳಸೇರದಿರಲೆಂದು ಬೆಲ್ಟಿನ ಮೇಲೆ ಲೋಹಶೋಧಕವನ್ನು ಕೂರಿಸಿರುತ್ತಾರೆ. ನಮ್ಮೂರಿನ ಒಣ ಮಂಡಕ್ಕಿಯ ಪೊಟ್ಟಣ ಅದರೊಳಗೆ ಹಾದುಹೋದರೆ ಏನೂ ಸದ್ದಾಗುವುದಿಲ್ಲ. ಉಪ್ಪಿನಕಾಯಿಯ ಪೊಟ್ಟಣ ಹಾದುಹೋದರೆ, ಅದರಲ್ಲಿ ಗುಂಡುಸೂಜಿಯಷ್ಟೂ ಲೋಹವಿಲ್ಲದಿದ್ದರೂ, ಗಂಟೆ ಬಾರಿಸುತ್ತದೆ. ಮಾಲೀಕರು ಯಂತ್ರ ಹಾಳಾಗಿದೆಯೆಂದು ನನ್ನನ್ನು ಕರೆಸಿದ್ದರು. ಒಳಗಿದ್ದದ್ದು ಲೋಹವಲ್ಲ, ಉಪ್ಪು ಮತ್ತು ತೇವ. ಅದನ್ನೇ ಯಂತ್ರ ಲೋಹವೆಂದು ಬಗೆದಿತ್ತು.

ಕಾರಣ ಸರಳವಾಗಿದೆ. ಡಿಟೆಕ್ಟರಿನ ಕಾಯಿಲ್‌ನಲ್ಲಿ, ಅಂದರೆ ಕೋಲಿನ ತುದಿಯ ತಂತಿ ಸುತ್ತಿದ ತಟ್ಟೆಯಲ್ಲಿ, ದಿಕ್ಕು ಬದಲಿಸುತ್ತಲೇ ಹರಿಯುವ ಪರ್ಯಾಯ ವಿದ್ಯುತ್ತು ಸುತ್ತ ಒಂದು ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆ ಕ್ಷೇತ್ರವು ಹತ್ತಿರವಿರುವ ಯಾವುದೇ ವಾಹಕದಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ತನ್ನು, ಅಂದರೆ ಸುಳಿಪ್ರವಾಹಗಳನ್ನು, ಎಬ್ಬಿಸುತ್ತದೆ. ಆ ಸುಳಿಪ್ರವಾಹಗಳು ತಮ್ಮದೇ ಸಣ್ಣ ಕಾಂತಕ್ಷೇತ್ರವನ್ನು ಹಿಂದಿರುಗಿಸುತ್ತವೆ. ಯಂತ್ರ ಕೇಳಿಸಿಕೊಳ್ಳುವುದು ಈ ಮರುದನಿಯನ್ನು. ಯಂತ್ರಕ್ಕೆ ಚಿನ್ನ ಗೊತ್ತಿಲ್ಲ, ಬೆಳ್ಳಿ ಗೊತ್ತಿಲ್ಲ, ವಿದ್ಯುತ್ತು ಹರಿಯುವ ವಸ್ತುವೊಂದು ಹತ್ತಿರವಿದೆ ಎಂಬುದಷ್ಟೇ ಗೊತ್ತು. ಸಮುದ್ರದ ನೀರಿನ ಒಂದು ಕಿಲೋದಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ, ಆದ್ದರಿಂದ ಅದು ನಮ್ಮ ಕೆರೆ ಹೊಳೆಗಳ ನೀರಿಗಿಂತ ನೂರು ಪಟ್ಟಿನ ಆಸುಪಾಸು ಉತ್ತಮ ವಾಹಕ. ತಾಮ್ರದ ಮುಂದೆ ಅದು ಏನೇನೂ ಅಲ್ಲ. ಆದರೆ ಉಂಗುರ ಒಂದು ಬೆರಳಿನಷ್ಟಿದ್ದರೆ, ಕಾಯಿಲ್‌ನ ಕೆಳಗೆ ಇಡೀ ಅರಬ್ಬಿ ಸಮುದ್ರವೇ ಇರುತ್ತದೆ. ದಂಡೆಯ ಒಣ ಮರಳಿನಲ್ಲಿ ಕಣಗಳ ನಡುವೆ ಗಾಳಿಯಿರುವುದರಿಂದ ಪ್ರವಾಹಕ್ಕೆ ದಾರಿ ಸಿಗುವುದಿಲ್ಲ, ಅಲ್ಲಿ ಯಾವ ಸಾಧಾರಣ ಯಂತ್ರವೂ ತಣ್ಣಗಿರುತ್ತದೆ. ತೊಂದರೆ ಶುರುವಾಗುವುದು ಅಲೆ ತೋಯಿಸಿದ ಗೆರೆಯಿಂದ ಕೆಳಗೆ. ಅಲ್ಲಿ ಕೈ ಒಂದಿಷ್ಟು ಮೇಲೆ ಕೆಳಗೆ ಆದರೂ, ಒಂದು ತೆಳು ಅಲೆ ಕಾಯಿಲ್‌ನ ಕೆಳಗೆ ಜಾರಿ ಹೋದರೂ, ಯಂತ್ರಕ್ಕೆ ಅದು ಲೋಹವೊಂದು ಬಂದು ಹೋದಂತೆಯೇ.

ಇಲ್ಲಿ ಬಲ್ಲವರೊಬ್ಬರು ಕೇಳುತ್ತಾರೆ: ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಮರುದನಿಯನ್ನು ಯಂತ್ರ ಕಡೆಗಣಿಸುವಂತೆ ಹೊಂದಿಸುವುದು, ಮಾಡಿದರೆ ಸರಿಹೋಗುವುದಿಲ್ಲವೇ? ಚಿತ್ರದುರ್ಗದ ಕಡೆಯವರಿಗೆ ಈ ಗುಂಡಿಯ ಬಳಕೆ ಚೆನ್ನಾಗಿ ಗೊತ್ತು. ಹೊಳಲ್ಕೆರೆ, ಹೊಸದುರ್ಗದ ಸುತ್ತಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅದಿರು ಬೆರೆತಿರುವುದರಿಂದ, ಅದನ್ನು ಹೊಂದಿಸದೆ ಅಲ್ಲಿ ಯಂತ್ರ ಒಂದು ಹೆಜ್ಜೆಯೂ ಸುಮ್ಮನೆ ನಡೆಯುವುದಿಲ್ಲ. ಆದರೆ ಕಬ್ಬಿಣದ ಖನಿಜ ಮರುದನಿ ಕೊಡುವ ಬಗೆ ಒಂದು, ಉಪ್ಪು ಕೊಡುವ ಬಗೆ ಇನ್ನೊಂದು. ಖನಿಜ ಕಾಂತಕ್ಷೇತ್ರಕ್ಕೆ ಹೆಚ್ಚುಕಡಿಮೆ ತಡವಿಲ್ಲದೆ ಸ್ಪಂದಿಸುತ್ತದೆ. ಉಪ್ಪು ನೀರಿನ ಸ್ಪಂದನ ಕಾಲು ಸುತ್ತಿನಷ್ಟು ಸರಿದಿರುತ್ತದೆ. ಒಂದೇ ಆವರ್ತನದಲ್ಲಿ, ಅಂದರೆ ವಿದ್ಯುತ್ತು ಸೆಕೆಂಡಿಗೆ ಇಷ್ಟೇ ಸಲ ಹಿಂದೆ ಮುಂದೆ ಹರಿಯುವಂತೆ, ಕೆಲಸ ಮಾಡುವ ಯಂತ್ರಕ್ಕೆ ಕಿವಿ ಮುಚ್ಚಿಕೊಳ್ಳಲು ಒಂದೇ ದಿಕ್ಕು ಇರುತ್ತದೆ. ಮಣ್ಣಿಗೆ ಹೊಂದಿಸಿದರೆ ಉಪ್ಪು ಕೂಗುತ್ತದೆ, ಉಪ್ಪಿಗೆ ಹೊಂದಿಸಿದರೆ ಮರಳಿನ ಖನಿಜ ಕೂಗುತ್ತದೆ. ಖನಿಜ ಕಡಿಮೆಯಿರುವ ಬಿಳಿ ಮರಳಿನ ದಂಡೆಯಲ್ಲಿ ಉಪ್ಪಿಗೆ ಹೊಂದಿಸುವ 'ಬೀಚ್ ಮೋಡ್' ಇರುವ ಒಂಟಿ ಆವರ್ತನದ ಯಂತ್ರ ಒಂದು ಮಟ್ಟಿಗೆ ನಿಭಾಯಿಸೀತು. ಕಾರವಾರದ ತಿಳ್ಮಾತಿಯಂಥ ಕಪ್ಪು ಮರಳಿನಲ್ಲಿ ಅದರಿಂದ ಹೆಚ್ಚು ನಿರೀಕ್ಷಿಸಬಾರದು. ಸೆನ್ಸಿಟಿವಿಟಿಯನ್ನು ಇಳಿಸಿ ಬಾಯಿ ಮುಚ್ಚಿಸಬಹುದು, ನಿಜ, ಆದರೆ ಆಗ ಅದು ಮೇಲಿನ ಮೂರು ನಾಲ್ಕು ಇಂಚಿನಾಚೆಗೆ ಏನನ್ನೂ ಕೇಳಿಸಿಕೊಳ್ಳದೆ ಇರುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಆದ್ದರಿಂದ ಕಡಲಿಗೆ ಬೇಕಾದದ್ದು ಏಕಕಾಲಕ್ಕೆ ಹಲವು ಆವರ್ತನಗಳನ್ನು ಕಳಿಸುವ ಯಂತ್ರ. ಆವರ್ತನ ಏರಿದಂತೆ ಉಪ್ಪಿನ ಮರುದನಿಯೂ ಏರುತ್ತದೆ, ಖನಿಜದ್ದು ಅಷ್ಟಾಗಿ ಬದಲಾಗುವುದಿಲ್ಲ. ಎರಡು ಆವರ್ತನಗಳ ಉತ್ತರವನ್ನು ತಾಳೆ ನೋಡಿ ಎರಡನ್ನೂ ಒಟ್ಟಿಗೆ ಕಳೆಯಬಹುದು. ಕೊಳ್ಳುವವರು ಎಚ್ಚರದಿಂದ ಓದಬೇಕಾದ ಒಂದು ಪದ ಇಲ್ಲಿದೆ. ಹಲವು ಆವರ್ತನಗಳ ಪೈಕಿ ಒಂದನ್ನು ಆರಿಸಿಕೊಳ್ಳಬಹುದು ಎನ್ನುವ ಯಂತ್ರ ಬೇರೆ, ಎಲ್ಲವನ್ನೂ ಏಕಕಾಲಕ್ಕೆ ಬಳಸುವ ಯಂತ್ರ ಬೇರೆ. ಮೊದಲನೆಯದು ಕಡಲಿನ ಮಟ್ಟಿಗೆ ಒಂಟಿ ಆವರ್ತನದ್ದೇ.

ಹೆಸರು ಹಿಡಿದು ಹೇಳಿದರೆ ಸ್ಪಷ್ಟವಾದೀತು. ಗ್ಯಾರೆಟ್ ಎಟಿ ಪ್ರೊ 15 ಕಿಲೋಹರ್ಟ್ಸ್, ನೋಕ್ಟಾದ ಸಿಂಪ್ಲೆಕ್ಸ್ ಪ್ಲಸ್ 12 ಕಿಲೋಹರ್ಟ್ಸ್. ಎರಡೂ 3 ಮೀಟರ್ ಆಳದವರೆಗೆ ಮುಳುಗಬಲ್ಲವು, ಎರಡೂ ಒಂಟಿ ಆವರ್ತನದವು. ತುಂಗಭದ್ರೆಗೂ ವಾಣಿವಿಲಾಸ ಸಾಗರದ ಅಂಚಿಗೂ ನಾನು ಇವುಗಳನ್ನು ಧೈರ್ಯವಾಗಿ ಹೇಳುತ್ತೇನೆ, ಸಮುದ್ರಕ್ಕೆ ಹೇಳುವುದಿಲ್ಲ. ಮೈನ್‌ಲ್ಯಾಬ್‌ನ ವ್ಯಾಂಕ್ವಿಶ್ ಇದಕ್ಕೆ ತದ್ವಿರುದ್ಧ: ಅದು ಬಹು ಆವರ್ತನದ್ದು, ಒದ್ದೆ ಮರಳಿನಲ್ಲಿ ಒಳ್ಳೆಯದು, ಆದರೆ ಕಾಯಿಲ್ ಮಾತ್ರ ನೀರಿಗೆ ಇಳಿಯಬಹುದು, ಮೇಲಿನ ಕಂಟ್ರೋಲ್ ಬಾಕ್ಸ್ ಮುಳುಗುವಂತಿಲ್ಲ. ಎರಡೂ ಗುಣ ಒಟ್ಟಿಗೆ ಬೇಕಿದ್ದರೆ 2018ರಲ್ಲಿ ಬಂದ ಮೈನ್‌ಲ್ಯಾಬ್ ಈಕ್ವಿನಾಕ್ಸ್, ಅಥವಾ ನೋಕ್ಟಾದ ಲೆಜೆಂಡ್, ಅಥವಾ ಅವುಗಳಂಥವು. ಮಾದರಿಗಳು ಬದಲಾಗುತ್ತಲೇ ಇರುತ್ತವೆ. ಹೆಸರನ್ನಲ್ಲ, ಎರಡು ಪ್ರಶ್ನೆಗಳನ್ನು ನೆನಪಿಟ್ಟುಕೊಳ್ಳಿ: ಏಕಕಾಲದ ಬಹು ಆವರ್ತನವೇ, ಪೆಟ್ಟಿಗೆಯೂ ಮುಳುಗಬಲ್ಲದೇ?

ಪಲ್ಸ್ ಇಂಡಕ್ಷನ್ ಎಂಬ ಬೇರೆಯೇ ಜಾತಿಯೂ ಇದೆ. ಗ್ಯಾರೆಟ್‌ನ ಸೀ ಹಂಟರ್ ಅಂಥದ್ದು. ಅದು ಒಂದು ಏಟಿನಂತೆ ವಿದ್ಯುತ್ತನ್ನು ಕಳಿಸಿ, ನಿಲ್ಲಿಸಿ, ಸೆಕೆಂಡಿನ ಲಕ್ಷದ ಒಂದು ಭಾಗದಷ್ಟು ಕಾದು, ಆಮೇಲೆ ಕಿವಿಗೊಡುತ್ತದೆ. ಅಷ್ಟರಲ್ಲಿ ಉಪ್ಪಿನ ಮರುದನಿ ಅಡಗಿರುತ್ತದೆ, ಲೋಹದ್ದು ಉಳಿದಿರುತ್ತದೆ. ಆಳದಲ್ಲಿ ಅದು ನಂಬಿಕಸ್ಥ. ಆದರೆ ಅದಕ್ಕೆ ಕಬ್ಬಿಣ ಯಾವುದು ಚಿನ್ನ ಯಾವುದು ಎಂದು ಬೇರ್ಪಡಿಸಲು ಬಾರದು. ಮಲ್ಪೆಯಂಥ ಮೀನುಗಾರಿಕೆಯ ದಂಡೆಯಲ್ಲಿ ಬಲೆಯ ಸೀಸದ ಗುಂಡು, ತುಕ್ಕು ಹಿಡಿದ ಮೊಳೆ, ಬಾಟಲಿ ಮುಚ್ಚಳ, ಹೇರ್‌ಪಿನ್ ಎಲ್ಲವನ್ನೂ ಅಗೆದು ತೆಗೆಯುವ ತಾಳ್ಮೆ ಇರುವವರಿಗೆ ಮಾತ್ರ ಅದು.

ಎಂಥ ಯಂತ್ರ ಕೊಂಡರೂ ಸಿಗದ ವಸ್ತುವೊಂದಿದೆ, ಅದನ್ನು ಹೇಳುವಾಗ ನನಗೆ ನಾಲಿಗೆ ತಡವರಿಸುತ್ತದೆ. ಕೆಲವು ವರ್ಷಗಳ ಹಿಂದೆ ಹರಿಹರದ ಕಡೆಯ ಒಬ್ಬ ತಾಯಿ ಮಗನ ಜೊತೆ ಅಂಗಡಿಗೆ ಬಂದರು. ಮುರ್ಡೇಶ್ವರದಲ್ಲಿ ಅಲೆ ಬಡಿದಾಗ ಸೊಸೆಯ ಮಾಂಗಲ್ಯದ ಸರ ಕಳಚಿಹೋಗಿತ್ತು. "ಎಷ್ಟಾದ್ರೂ ಆಗ್ಲಿ ಅಣ್ಣಾ, ಒಳ್ಳೇ ಮಷಿನ್ ಕೊಡ್ಸಿ" ಎಂದು ಸೆರಗಿನ ಗಂಟು ಬಿಚ್ಚತೊಡಗಿದರು. ಉಂಗುರವೆಂದರೆ ಒಂದು ಪೂರ್ಣ ಬಳೆಯಾಕಾರ, ಅದರಲ್ಲಿ ಸುಳಿಪ್ರವಾಹ ಸಲೀಸಾಗಿ ಸುತ್ತುತ್ತದೆ. ಸರ ಹಾಗಲ್ಲ. ಅದು ನೂರಾರು ಪುಟ್ಟ ಕೊಂಡಿಗಳ ಸಾಲು, ಪ್ರತಿ ಕೊಂಡಿಯೂ ಯಂತ್ರಕ್ಕೆ ಒಂದೊಂದು ಬೇರೆ ಚೂರು. ನಾಲ್ಕು ತೊಲದ ಸರವೂ ಕೇಳಿಸುವುದು ಹೆಚ್ಚೆಂದರೆ ಅದರ ಕೊಕ್ಕೆಯಷ್ಟು, ತಾಳಿಯ ಬಿಲ್ಲೆಯಷ್ಟು. ಅದರ ಮೇಲೆ, ಸಣ್ಣ ಚಿನ್ನದ ಮರುದನಿಯೂ ಉಪ್ಪಿನ ಮರುದನಿಯೂ ಪಕ್ಕಪಕ್ಕದಲ್ಲೇ ಬೀಳುತ್ತವೆ. ಉಪ್ಪನ್ನು ಕಳೆಯುವ ಯಂತ್ರ ತೆಳು ಚಿನ್ನವನ್ನೂ ಅದರೊಡನೆ ಕಳೆದುಬಿಡುತ್ತದೆ. ಇದನ್ನೆಲ್ಲ ಹೇಳಿ, ಹಣ ಇಟ್ಟುಕೊಳ್ಳಿ ಅಮ್ಮಾ ಎಂದು ಕಳಿಸಿದೆ. ನನ್ನ ಮೇಲೆ ಅವರಿಗೆ ಸಿಟ್ಟು ಬಂದಿತ್ತೆಂದು ತೋರುತ್ತದೆ. ಆದರೂ ಮಾರಬಾರದ್ದನ್ನು ಮಾರದಿದ್ದುದಕ್ಕೆ ನನಗೆ ಇಂದಿಗೂ ಬೇಸರವಿಲ್ಲ.

ನೀರಿಗೆ ಸಂಬಂಧಿಸಿದ ಉಳಿದ ಮಾತುಗಳು ಚಿಕ್ಕವು. ಬ್ಲೂಟೂತ್ ಹೆಡ್‌ಫೋನಿನ ಸಂಕೇತ ನೀರಿನೊಳಗೆ ಸಾಗುವುದಿಲ್ಲ. ಪೆಟ್ಟಿಗೆ ಮುಳುಗುವ ಆಳಕ್ಕೆ ಇಳಿಯುವವರಿಗೆ ನೀರು ತಡೆಯುವ, ತಂತಿಯಿರುವ ಹೆಡ್‌ಫೋನೇ ಬೇಕು. ಸೊಂಟದ ನೀರಿನಲ್ಲಿ ಅಗಲವಾದ ಕಾಯಿಲ್ ಹಾಯಿಯಂತೆ ಸೆಳೆಯುತ್ತದೆ, ಹನ್ನೊಂದು ಇಂಚಿಗಿಂತ ದೊಡ್ಡದು ಬೇಡ. ಹಿಂದಿರುಗಿದ ದಿನವೇ ಯಂತ್ರವನ್ನು ಸಿಹಿನೀರಿನಲ್ಲಿ ತೊಳೆದು, ಬ್ಯಾಟರಿ ಮುಚ್ಚಳದ ರಬ್ಬರ್ ರಿಂಗಿನಲ್ಲಿ ಮರಳಿನ ಕಣವಿದೆಯೇ ನೋಡಿ. ಒಂದೇ ಕಣ ಸಾಕು, ಮುಂದಿನ ಸಲ ನೀರು ಒಳನುಗ್ಗಲು. ಹಸಿರು ಹಿಡಿದ ಬೋರ್ಡುಗಳನ್ನು ತೆರೆದಾಗ, ಹತ್ತು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಿ ಸಾವಿರಾರು ರೂಪಾಯಿ ಕಳೆದುಕೊಂಡರಲ್ಲ ಎಂದು ನನಗೇ ಹೊಟ್ಟೆ ಉರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ಇಳಿತದ ಹೊತ್ತಿನಲ್ಲಿ ಹೆಚ್ಚು ದಂಡೆ ತೆರೆದಿರುತ್ತದೆ, ನೀರಿಗೇ ಇಳಿಯಬೇಕಾಗಿಯೂ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ನೀರಿಗೆ ಇಳಿಯಲೇಬೇಡಿ, ಉಳಿದ ತಿಂಗಳುಗಳಲ್ಲೂ ದಂಡೆಯ ಜೀವರಕ್ಷಕರ ಮಾತು ಮೀರಬೇಡಿ. ಇನ್ನು ಇದೇ ಯಂತ್ರವನ್ನು ದುರ್ಗದ ಕೋಟೆಯ ಕಡೆಗೂ ಒಯ್ಯುವ ಆಸೆಯಿರುವವರು ನನ್ನ ಅಂಗಡಿಗೆ ಬರುವುದು ಬೇಡ. ಅದು ಸಂರಕ್ಷಿತ ಸ್ಮಾರಕ, ಅಲ್ಲಿ ನಿಧಿಗಾಗಿ ಅಗೆಯುವುದು ಅಪರಾಧ.

ಕೊಳ್ಳುವ ಮೊದಲು ಪರೀಕ್ಷೆ ಮಾಡಿಯೇ ತೀರುತ್ತೇವೆ ಎನ್ನುವವರಿಗೆ ಸೂಳೆಕೆರೆಯ ಬದಲು ಒಂದು ದಾರಿಯಿದೆ. ಅಂಗಡಿಯ ಹಿಂದೆ ಅಗಲವಾದ ಪ್ಲಾಸ್ಟಿಕ್ ಟಬ್ ಒಂದನ್ನು ಇಟ್ಟಿದ್ದೇನೆ. ಹತ್ತು ಲೀಟರ್ ನೀರಿಗೆ 350 ಗ್ರಾಂ ಅಡುಗೆ ಉಪ್ಪು ಕರಗಿಸಿದರೆ ಕಡಲಿಗೆ ಹತ್ತಿರದ ಉಪ್ಪಿನಂಶ ಬರುತ್ತದೆ. ಟಬ್ಬನ್ನು ನೆಲದ ಕಬ್ಬಿಣದಿಂದ ದೂರವಿಟ್ಟು, ಕೈಯ ಉಂಗುರ, ಗಡಿಯಾರ ತೆಗೆದು, ಮೊಬೈಲನ್ನು ಆಚೆ ಇಟ್ಟು, ನೀರಿನ ಮೇಲೆ ಕಾಯಿಲನ್ನು ಏರಿಳಿಸಿ ನೋಡಿ. ಅಷ್ಟು ನೀರಿಗೇ ಗಲಾಟೆ ಮಾಡುವ ಯಂತ್ರ ಗೋಕರ್ಣದಲ್ಲಿ ಖಂಡಿತ ನಿಮ್ಮನ್ನು ಕಾಡುತ್ತದೆ. ಟಬ್ಬಿನಲ್ಲಿ ಸುಮ್ಮನಿದ್ದರೆ ಸಮುದ್ರದಲ್ಲೂ ಸುಮ್ಮನಿರುತ್ತದೆ ಎಂದು ಮಾತ್ರ ನಾನು ಭರವಸೆ ಕೊಡಲಾರೆ, ಏಕೆಂದರೆ ಟಬ್ಬಿನ ನೀರು ಹಿಡಿಯಷ್ಟು. ಯಂತ್ರ ಇನ್ನೂ ಡಬ್ಬದಲ್ಲಿರುವಾಗಲೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ತನ್ನಿ. ಉಪ್ಪು ನಮ್ಮಲ್ಲೇ ಇದೆ.