ಆ 23 ತಿಂಗಳು ಎಲ್ಲಿ ಹೋಯಿತು?

ಇತಿಹಾಸದ ಉತ್ತರ ಪತ್ರಿಕೆ ತಿದ್ದುವಾಗ ಪ್ರತಿ ವರ್ಷ ಒಂದೇ ಕಡೆ ನನ್ನ ಕೆಂಪು ಪೆನ್ನು ನಿಲ್ಲುತ್ತದೆ. 'ಜರ್ಮನಿ ಲುಸಿಟಾನಿಯಾ ಹಡಗನ್ನು ಮುಳುಗಿಸಿತು. ಆದ್ದರಿಂದ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು.' ಈ 'ಆದ್ದರಿಂದ' ಇದೆಯಲ್ಲ, ಅದಕ್ಕೆ ಸುತ್ತು ಹಾಕಿ ಹಾಕಿ ಸಾಕಾಗಿದೆ.

ಬ್ರಿಟನ್ನಿನ ಈ ಪ್ರಯಾಣಿಕರ ಹಡಗು ಮುಳುಗಿದ್ದು 1915ರ ಮೇ 7ರಂದು, ಐರ್ಲೆಂಡಿನ ಹತ್ತಿರ, ಬರೀ 18 ನಿಮಿಷದಲ್ಲಿ. ಸತ್ತ ಸುಮಾರು 1,200 ಜನರಲ್ಲಿ 128 ಮಂದಿ ಅಮೆರಿಕದವರು. ಯುದ್ಧ ಸಾರಿದ್ದು 1917ರ ಏಪ್ರಿಲ್ 6ರಂದು. ಬೆರಳು ಮಡಚಿ ಎಣಿಸಿ. 23 ತಿಂಗಳು! ಕ್ಲಾಸಿನಲ್ಲಿ ನಾನು ಗಟ್ಟಿಯಾಗಿ ಎಣಿಸಿಯೇ ತೋರಿಸುತ್ತೇನೆ. ಮಕ್ಕಳು ನಗುತ್ತಾರೆ, ನಗಲಿ.

ಒಮ್ಮೆ ಹಿಂದಿನ ಬೆಂಚಿನ ಹುಡುಗ ಕೇಳಿದ: "ಅಲ್ಲಾ ಸಾರ್, ವಿಲ್ಸನ್ ಎರಡು ವರ್ಷ ಮೀನಮೇಷ ಎಣಿಸ್ತಾ ಕೂತಿದ್ನಾ?" ನನಗೆ ಬೇಕಿದ್ದದ್ದೇ ಆ ಪ್ರಶ್ನೆ.

ಅಮೆರಿಕದ ಅಧ್ಯಕ್ಷ ವಿಲ್ಸನ್ ಸುಮ್ನೆ ಕೂತಿರಲಿಲ್ಲ, ಪತ್ರ ಬರೆಯುತ್ತಿದ್ದರು. ಜರ್ಮನಿಗೆ ಬರೆದ ಎರಡನೇ ಪತ್ರ ತೀರಾ ಖಾರವಾಯಿತು, ಇದು ಯುದ್ಧಕ್ಕೆ ಎಳೆಯುತ್ತದೆ ಎಂದು ವಿದೇಶಾಂಗ ಮಂತ್ರಿ ಬ್ರಯಾನ್ ರಾಜೀನಾಮೆ ಕೊಟ್ಟರು. ಅತ್ತ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ವಿಲ್ಸನ್‌ಗೆ ಧೈರ್ಯವೇ ಇಲ್ಲ ಎಂದು ಕೂಗಾಡುತ್ತಿದ್ದರು. ಒಬ್ಬರಿಗೆ ಜಾಸ್ತಿ, ಇನ್ನೊಬ್ಬರಿಗೆ ಕಮ್ಮಿ. ಹಡಗಿನ ಸುದ್ದಿಗೆ ಜನ ಕುದಿದಿದ್ದು ನಿಜ. ಆದರೆ ಕುದಿಯುವುದು ಬೇರೆ, ಮಗನನ್ನು ಫ್ರಾನ್ಸಿನ ಕಂದಕಕ್ಕೆ ಕಳಿಸುವುದು ಬೇರೆ, ಅಲ್ವಾ? 1916ರ ಚುನಾವಣೆಯಲ್ಲಿ ವಿಲ್ಸನ್ ಪಕ್ಷ ಮತ ಕೇಳಿದ್ದೇ 'ನಮ್ಮನ್ನು ಯುದ್ಧದಿಂದ ದೂರ ಇಟ್ಟವರು' ಎಂದು. ಅಷ್ಟಾದರೂ ಫಲಿತಾಂಶ ನಿರ್ಧರಿಸಿದ ಕ್ಯಾಲಿಫೋರ್ನಿಯಾದಲ್ಲಿ ಗೆದ್ದಿದ್ದು 4,000ಕ್ಕೂ ಕಮ್ಮಿ ಮತಗಳಿಂದ.

ಆಮೇಲೆ ಜರ್ಮನಿಯೇ ಮಾತು ತಪ್ಪಿತು. ಎಚ್ಚರಿಕೆ ಕೊಡದೆ ಹಡಗು ಮುಳುಗಿಸುವುದಿಲ್ಲ ಎಂದಿದ್ದವರು 1917ರ ಫೆಬ್ರವರಿ 1ರಿಂದ ಮತ್ತೆ ಶುರು ಮಾಡಿದರು. ಆಗಲೂ ವಿಲ್ಸನ್ ಕಡಿದುಕೊಂಡಿದ್ದು ರಾಜತಾಂತ್ರಿಕ ಸಂಬಂಧವನ್ನು ಮಾತ್ರ. ನಮ್ಮ ಕಡೆ ಯುದ್ಧಕ್ಕೆ ಬಂದರೆ ಅಮೆರಿಕದ ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾ ನಿಮಗೆ ಎಂದು ಜರ್ಮನಿ ಮೆಕ್ಸಿಕೊಗೆ ಆಸೆ ತೋರಿಸಿದ ತಂತಿ ಮಾರ್ಚ್ 1ರಂದು ಪತ್ರಿಕೆಗಳಲ್ಲಿ ಬಂತು. ಅದೇ ತಿಂಗಳು ಅಮೆರಿಕದ ಹಡಗುಗಳು ಒಂದರ ಹಿಂದೆ ಒಂದು ಮುಳುಗಿದವು. ಮಾರ್ಚ್ 20ರಂದು ಇಡೀ ಸಂಪುಟ ಯುದ್ಧವೇ ಸರಿ ಎಂದಿತು. ಏಪ್ರಿಲ್ 2ರಂದು ವಿಲ್ಸನ್ ಯುದ್ಧ ಸಾರಿ ಎಂದು ಕೇಳಲು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನ ಮುಂದೆ ನಿಂತರು. ಕೆಳಮನೆಯಲ್ಲಿ ಪರ 373, ವಿರುದ್ಧ 50. ಆ 50ರಲ್ಲಿ ಒಂದು ಮತ ಕಾಂಗ್ರೆಸ್ಸಿನ ಮೊದಲ ಮಹಿಳೆ ಜೆನೆಟ್ ರ‍್ಯಾಂಕಿನ್ ಅವರದು.

ಲುಸಿಟಾನಿಯಾ ಲೆಕ್ಕಕ್ಕೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮನಸ್ಸು ಕಹಿಯಾಗಿದ್ದು ಅಲ್ಲಿಂದಲೇ. ಅಮೆರಿಕದವರು ಬ್ರಿಟನ್ನಿಗೂ ಫ್ರಾನ್ಸಿಗೂ ಕೊಟ್ಟ ಸಾಲವೇ ದೊಡ್ಡ ಕಾರಣ ಎನ್ನುವವರೂ ಇದ್ದಾರೆ. ಯಾವುದರ ತೂಕ ಎಷ್ಟು ಎಂದು ತೀರ್ಪು ಕೊಡಲು ನಾನು ಹೋಗುವುದಿಲ್ಲ.

ಆ ಹಿಂದಿನ ಬೆಂಚಿನ ಹುಡುಗ ಪರೀಕ್ಷೆಯಲ್ಲಿ ಬರೆದ: 'ಲುಸಿಟಾನಿಯಾ ಮುಳುಗಿತು. ಆದ್ದರಿಂದ 23 ತಿಂಗಳ ನಂತರ ಅಮೆರಿಕ ಯುದ್ಧಕ್ಕೆ ಇಳಿಯಿತು.'

ಅರ್ಧ ಮಾರ್ಕು ಕೊಟ್ಟೆ.